ಅಚ್ಚುಮನೆಯ ತೇವದಿಂದ ಮನೆಯ ತಂಪಿನವರೆಗೆ: ವಿಲ್ಲಿಸ್ ಕ್ಯಾರಿಯರ್

ಸಾಗರದ ಸಮೀಪದ ವರದಹಳ್ಳಿಯ ಕಡೆ ಆಷಾಢದ ಮಳೆ ಹಿಡಿಯಿತೆಂದರೆ ಮನೆಯ ಬಾಗಿಲುಗಳು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತವೆ. ಡಬ್ಬಿಯೊಳಗಿನ ಹಪ್ಪಳ ಮೆತ್ತಗಾಗುತ್ತದೆ. ಕಪಾಟಿನ ಪುಸ್ತಕಗಳ ಹಾಳೆಗಳು ಅಲೆಯಲೆಯಾಗಿ ಏಳುತ್ತವೆ. ಗಾಳಿಯಲ್ಲಿ ಕಣ್ಣಿಗೆ ಕಾಣದ ನೀರು ಎಷ್ಟಿದೆ ಎಂಬುದನ್ನು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇದೇ ಕಾಣದ ನೀರು 1902ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಸ್ಯಾಕೆಟ್-ವಿಲ್‌ಹೆಲ್ಮ್ಸ್ ಎಂಬ ಮುದ್ರಣ ಸಂಸ್ಥೆಯನ್ನು ಕಂಗೆಡಿಸಿತ್ತು. ಬಣ್ಣದ ಚಿತ್ರವೊಂದನ್ನು ಅಚ್ಚು ಹಾಕಬೇಕಾದರೆ ಒಂದೇ ಹಾಳೆ ಪ್ರತಿಯೊಂದು ಬಣ್ಣಕ್ಕೂ ಒಮ್ಮೊಮ್ಮೆ ಯಂತ್ರದೊಳಗೆ ಹೋಗಿಬರಬೇಕು. ಮೊದಲ ಬಣ್ಣಕ್ಕೂ ಎರಡನೆಯದಕ್ಕೂ ನಡುವೆ ಕಾಗದ ತೇವ ಹೀರಿ ಕೂದಲೆಳೆಯಷ್ಟು ಹಿಗ್ಗಿದರೂ ಸಾಕು, ಬಣ್ಣಗಳು ಗೆರೆ ತಪ್ಪಿ ಚಿತ್ರ ಕೆಡುತ್ತಿತ್ತು. ಈ ತೊಂದರೆಗೆ ಪರಿಹಾರ ಹುಡುಕುವ ಹೊಣೆ ಬಿದ್ದದ್ದು ಕಾಲೇಜಿನಿಂದ ಹೊರಬಂದು ಒಂದೇ ವರ್ಷವಾಗಿದ್ದ, ಇಪ್ಪತ್ತೈದರ ಹರೆಯದ ಎಂಜಿನಿಯರ್ ವಿಲ್ಲಿಸ್ ಹ್ಯಾವಿಲೆಂಡ್ ಕ್ಯಾರಿಯರ್ ಅವರ ಮೇಲೆ. ಅವರು ಸಿದ್ಧಪಡಿಸಿದ ನಕ್ಷೆಗಳ ಮೇಲಿನ ದಿನಾಂಕ 1902ರ ಜುಲೈ 17. ಇಂದು ಕಲಬುರಗಿಯಿಂದ ಮಂಗಳೂರಿನವರೆಗೆ ಮನೆಮನೆಯ ಗೋಡೆಯೇರಿ ಕುಳಿತಿರುವ ಹವಾನಿಯಂತ್ರಕದ ಜನ್ಮಪತ್ರಿಕೆ ಅದೇ.

ಆ ದಿನಾಂಕಕ್ಕೆ ಕೇವಲ ಹದಿನೇಳು ದಿನ ಮೊದಲು, ಅಂದರೆ ಜೂನ್ 30ರಂದು, ಮೈಸೂರು ಸಂಸ್ಥಾನದ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿದಿತ್ತು. ಯಂತ್ರ ಅಲ್ಲಿ, ಅದನ್ನು ನಡೆಸುವ ಶಕ್ತಿ ಇಲ್ಲಿ. ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿರಲಿಲ್ಲ. ಕಾಕತಾಳೀಯವೇ ಇರಬಹುದು, ಆದರೂ ನೆನಪಿಡಲು ಯೋಗ್ಯವಾದದ್ದು.

ಕ್ಯಾರಿಯರ್ ಹುಟ್ಟಿದ್ದು 1876ರ ನವೆಂಬರ್ 26ರಂದು, ನ್ಯೂಯಾರ್ಕ್ ರಾಜ್ಯದ ಆಂಗೋಲಾ ಎಂಬ ಹಳ್ಳಿಯಲ್ಲಿ. ಈರಿ ಸರೋವರದ ದಂಡೆಗೆ ಹತ್ತಿರದ ಆ ಸೀಮೆ ಸೆಕೆಗಿಂತ ಹಿಮಕ್ಕೆ ಹೆಸರಾದದ್ದು. ಕೃಷಿಕ ಕುಟುಂಬ, ಒಬ್ಬನೇ ಮಗ, ಮನೆತುಂಬ ಹಿರಿಯರು. ತಾಯಿ ಎಲಿಜಬೆತ್ ಅವರಿಗೆ ಗಡಿಯಾರ, ಹೊಲಿಗೆ ಯಂತ್ರಗಳನ್ನು ಬಿಚ್ಚಿ ಸರಿಪಡಿಸುವ ಕೈಗುಣವಿತ್ತು. ಬಾಲಕನಿಗೆ ಭಿನ್ನರಾಶಿಯ ಲೆಕ್ಕ ತಲೆಗೆ ಹತ್ತದಿದ್ದಾಗ ಆಕೆ ನೆಲಮಾಳಿಗೆಯಿಂದ ಸೇಬುಹಣ್ಣುಗಳನ್ನು ತರಿಸಿ, ಅರ್ಧ, ಕಾಲು, ಅರೆಕಾಲು ಎಂದು ಕತ್ತರಿಸಿಟ್ಟು ಕೂಡಿಸುವುದನ್ನೂ ಕಳೆಯುವುದನ್ನೂ ಕಲಿಸಿದರು. ಎಷ್ಟೇ ದೊಡ್ಡ ತೊಡಕಿದ್ದರೂ ಅದನ್ನು ತುಂಡುಮಾಡಿ ನೋಡಬೇಕೆಂಬ ಬುದ್ಧಿ ತಮಗೆ ಬಂದದ್ದು ಆ ಸೇಬಿನ ಹೋಳುಗಳಿಂದ ಎಂದು ಕ್ಯಾರಿಯರ್ ಕೊನೆಯವರೆಗೂ ನೆನೆಯುತ್ತಿದ್ದರು. ಮಗನಿಗೆ ಹನ್ನೊಂದು ವರ್ಷವಾದಾಗ ತಾಯಿ ತೀರಿಕೊಂಡರು.

1893ರ ಆರ್ಥಿಕ ಕುಸಿತ ಆ ಮನೆಯನ್ನೂ ಬಿಡಲಿಲ್ಲ. ಕಾಲೇಜಿನ ಕನಸನ್ನು ಮುಂದೂಡಿ ತರುಣ ಕ್ಯಾರಿಯರ್ ಕೆಲಕಾಲ ಶಾಲಾ ಮಾಸ್ತರಿಕೆ ಮಾಡಿದರು. 1897ರಲ್ಲಿ ವಿದ್ಯಾರ್ಥಿವೇತನ ಪಡೆದು ಕಾರ್ನೆಲ್ ವಿಶ್ವವಿದ್ಯಾಲಯ ಸೇರಿ, ಊಟ ವಸತಿಯ ಖರ್ಚಿಗೆ ಸಿಕ್ಕ ಸಣ್ಣಪುಟ್ಟ ಕೆಲಸಗಳನ್ನೆಲ್ಲ ಮಾಡುತ್ತ 1901ರಲ್ಲಿ ಪದವಿ ಗಳಿಸಿದರು. ಅದೇ ವರ್ಷ ಬಫಲೋ ಫೋರ್ಜ್ ಕಂಪನಿಯಲ್ಲಿ ವಾರಕ್ಕೆ ಹತ್ತು ಡಾಲರ್ ಸಂಬಳದ ಕೆಲಸ ಸಿಕ್ಕಿತು. ಮರ ಮತ್ತು ಕಾಫಿ ಒಣಗಿಸುವ ವ್ಯವಸ್ಥೆಗಳು ಅವರ ಮೊದಲ ಕೆಲಸಗಳಲ್ಲಿ ಸೇರಿದ್ದವು. ಗಾಳಿ, ಶಾಖ, ತೇವ ಈ ಮೂರರ ನಂಟು ಅವರಿಗೆ ಅಂಟಿದ್ದು ಅಲ್ಲಿಯೇ.

ಇಷ್ಟರ ಬೆನ್ನಿಗೇ ಬ್ರೂಕ್ಲಿನ್‌ನ ಅಚ್ಚುಮನೆಯ ಸಮಸ್ಯೆ ಬಂತು. ಗಾಳಿಯನ್ನು ತಂಪು ಮಾಡುವುದು ಆಗ ಹೊಸ ಸಂಗತಿಯೇನಲ್ಲ. ಫ್ಲಾರಿಡಾದ ವೈದ್ಯ ಜಾನ್ ಗೋರಿ ರೋಗಿಗಳ ಕೊಠಡಿ ತಣಿಸಲೆಂದು ಅರ್ಧ ಶತಮಾನದ ಹಿಂದೆಯೇ ಮಂಜುಗಡ್ಡೆ ತಯಾರಿಸುವ ಯಂತ್ರ ಕಟ್ಟಿ, ಕೈಸುಟ್ಟುಕೊಂಡು, 1855ರಲ್ಲಿ ಕಣ್ಮುಚ್ಚಿದ್ದರು. ಕ್ಯಾರಿಯರ್ ಅವರ ಹಿರಿಮೆ ತಂಪು ಮಾಡಿದ್ದರಲ್ಲಿಲ್ಲ. ಗಾಳಿಯಲ್ಲಿ ತೇವ ಇಷ್ಟೇ ಇರಬೇಕೆಂದು ನಿಗದಿಪಡಿಸಿ, ಅಷ್ಟನ್ನೇ ಉಳಿಸಿದ್ದರಲ್ಲಿದೆ. ತಣ್ಣೀರಿನ ಲೋಟದ ಹೊರಮೈ ಬೆವರುವುದನ್ನು ಎಲ್ಲರೂ ಕಂಡಿದ್ದೇವೆ. ಗಾಳಿ ತಣ್ಣಗಿನ ಮೈ ಮುಟ್ಟಿದಾಗ ತನ್ನಲ್ಲಿರುವ ನೀರನ್ನು ಅಲ್ಲಿ ಬಿಟ್ಟು ಮುಂದೆ ಸಾಗುತ್ತದೆ. ಕ್ಯಾರಿಯರ್ ಕೊಳವೆಗಳ ಸುರುಳಿಯೊಳಗೆ ಬಾವಿಯ ತಣ್ಣೀರನ್ನೂ, ಅದು ಸಾಲದ ಕಡೆ ಅಮೋನಿಯಾ ಯಂತ್ರದ ತಂಪನ್ನೂ ಹರಿಸಿ, ಅದರ ಮೇಲೆ ಗಾಳಿ ಬೀಸಿದರು.

ಆ ಅಚ್ಚುಮನೆಗೆ ಅವರು ಇಟ್ಟುಕೊಂಡ ಗುರಿ ಸ್ವಾರಸ್ಯಕರವಾಗಿದೆ. ಬೇಸಿಗೆಯಲ್ಲಿ 80 ಡಿಗ್ರಿ ಫ್ಯಾರನ್‌ಹೀಟ್, ವರ್ಷವಿಡೀ ಶೇ. 55ರಷ್ಟು ಸಾಪೇಕ್ಷ ಆರ್ದ್ರತೆ. ಎಂಬತ್ತು ಡಿಗ್ರಿಯೆಂದರೆ ನಮ್ಮ ಲೆಕ್ಕದಲ್ಲಿ ಸುಮಾರು 27 ಸೆಲ್ಸಿಯಸ್! ಹವಾನಿಯಂತ್ರಣದ ಇತಿಹಾಸ ಆರಂಭವಾಗುವುದೇ 27 ಡಿಗ್ರಿಯಿಂದ. ರಿಮೋಟ್ ಕೈಗೆ ಸಿಕ್ಕೊಡನೆ 16ಕ್ಕೆ ಇಳಿಸಿ, ಕಂಬಳಿ ಹೊದ್ದು ಮಲಗುವ ನಮ್ಮ ಕಾಲದವರು ಈ ಅಂಕಿಯ ಮುಂದೆ ಒಂದು ಕ್ಷಣ ನಿಲ್ಲಬೇಕು. ಗಾಳಿಯ ತೇವ ತೆಗೆದರೆ ಮೈ ಬೆವರು ತಾನಾಗಿ ಆರುತ್ತದೆ. ಮೇಲೊಂದು ಫ್ಯಾನ್ ಮೆಲ್ಲಗೆ ತಿರುಗಿದರೆ 25, 26 ಡಿಗ್ರಿಯಲ್ಲೂ ಹಿತವಾಗಿರುತ್ತದೆ. ಭಾರತದಲ್ಲಿ 2020ರ ಜನವರಿಯಿಂದ ಸ್ಟಾರ್ ಗುರುತಿನ ಮನೆಯ ಯಂತ್ರಗಳು 24 ಡಿಗ್ರಿಯ ಮೊದಲ ಹೊಂದಾಣಿಕೆಯೊಂದಿಗೇ ಬರಬೇಕೆಂದು ನಿಯಮವಾಗಿದೆ. ಒಂದೊಂದು ಡಿಗ್ರಿ ಏರಿಸಿದಂತೆ ವಿದ್ಯುತ್ತಿನಲ್ಲಿ ಸುಮಾರು ಶೇ. 6ರಷ್ಟು ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ.

ಆ ಮೊದಲ ಸ್ಥಾವರದ ತಂಪಿನ ಶಕ್ತಿ ದಿನಕ್ಕೆ 1,08,000 ಪೌಂಡ್ ಮಂಜುಗಡ್ಡೆ ಕರಗಿಸಿದರೆ ಎಷ್ಟೋ ಅಷ್ಟು. ಮನೆಯ ಯಂತ್ರ ಕೊಳ್ಳುವಾಗ ನಾವು ಕೇಳುವ ಟನ್ ಎಂಬ ಮಾತು ಯಂತ್ರದ ತೂಕವಲ್ಲ, ಈ ಮಂಜುಗಡ್ಡೆಯ ಲೆಕ್ಕ. ಎರಡು ಸಾವಿರ ಪೌಂಡ್ ಮಂಜುಗಡ್ಡೆ ಒಂದು ಹಗಲು ಒಂದು ರಾತ್ರಿಯಲ್ಲಿ ಕರಗುವಾಗ ಹೀರುವ ಶಾಖವೇ ಒಂದು ಟನ್. ಹಾಗೆ ನೋಡಿದರೆ ಕ್ಯಾರಿಯರ್ ಅವರ ಮೊದಲ ಸ್ಥಾವರ 54 ಟನ್; ಇಂದಿನ ಒಂದೂವರೆ ಟನ್ನಿನ 36 ಯಂತ್ರಗಳಿಗೆ ಸಮ.

ಅದೇ ವರ್ಷದ ಕೊನೆಯಲ್ಲಿ ಪಿಟ್ಸ್‌ಬರ್ಗಿನ ರೈಲು ನಿಲ್ದಾಣದಲ್ಲಿ ಮಂಜು ಕವಿದ ಸಂಜೆಯೊಂದರಲ್ಲಿ ರೈಲಿಗೆ ಕಾಯುತ್ತಿದ್ದಾಗ ಅವರಿಗೆ ಇನ್ನೊಂದು ವಿಚಾರ ಹೊಳೆಯಿತು. ಮಂಜೆಂದರೆ ನೀರಿನಿಂದ ತುಂಬಿ ತುಳುಕುವ ಗಾಳಿ. ಆದರೆ ಆ ಗಾಳಿ ತಣ್ಣಗಿರುವುದರಿಂದ ಅದರಲ್ಲಿರುವ ಒಟ್ಟು ನೀರು ಕಡಿಮೆಯೇ. ಹಾಗಾದರೆ ತಣ್ಣೀರನ್ನು ತುಂತುರಾಗಿ ಚಿಮ್ಮಿಸಿ, ಅದರ ಮೂಲಕ ಗಾಳಿ ಹಾಯಿಸಿದರೆ, ನೀರಿನಿಂದಲೇ ಗಾಳಿಯನ್ನು ಒಣಗಿಸಬಹುದಲ್ಲವೇ? ಕೇಳಿದವರಿಗೆ ಹುಚ್ಚೆನಿಸುವ ಈ ವಿಚಾರಕ್ಕೆ 1906ರ ಜನವರಿ 2ರಂದು ಪೇಟೆಂಟ್ ದೊರೆಯಿತು. ಹವಾನಿಯಂತ್ರಣ ಎಂಬರ್ಥದ ಇಂಗ್ಲಿಷ್ ಹೆಸರನ್ನು ಚಾಲ್ತಿಗೆ ತಂದವರು ಮಾತ್ರ ಅವರಲ್ಲ. ಅದೇ 1906ರಲ್ಲಿ ಜವಳಿ ಗಿರಣಿಗಳ ಎಂಜಿನಿಯರ್ ಸ್ಟುವರ್ಟ್ ಕ್ರೇಮರ್ ಆ ಪದವನ್ನು ಬಳಕೆಗೆ ತಂದರು. 1911ರ ಡಿಸೆಂಬರಿನಲ್ಲಿ ಉಷ್ಣತೆ, ತೇವ, ಇಬ್ಬನಿ ಬಿಂದುಗಳ ಸಂಬಂಧವನ್ನು ಸೂತ್ರಗಳಲ್ಲಿ ಕಟ್ಟಿಕೊಟ್ಟ ಪ್ರಬಂಧವನ್ನು ಕ್ಯಾರಿಯರ್ ಅಮೆರಿಕದ ಯಂತ್ರಶಿಲ್ಪಿಗಳ ಸಂಘದ ಮುಂದೆ ಮಂಡಿಸಿದರು. ಈ ವಿದ್ಯೆಗೆ ತಳಪಾಯ ಹಾಕಿದ್ದು ಆ ಪ್ರಬಂಧ.

ಲೆಕ್ಕದಲ್ಲಿ ಮುಳುಗಿದಾಗ ಅವರಿಗೆ ಲೋಕದ ಪರಿವೆ ಇರುತ್ತಿರಲಿಲ್ಲವಂತೆ. ಊರಿಗೆ ಹೊರಟು, ಹೊತ್ತೊಯ್ದ ದೊಡ್ಡ ಪೆಟ್ಟಿಗೆ ತೆರೆದಾಗ ಒಳಗೆ ಒಂದು ಕರವಸ್ತ್ರ ಮಾತ್ರ ಇತ್ತೆಂಬ ಕತೆ ಪ್ರಚಲಿತವಾಗಿದೆ.

ಮೊದಲ ಮಹಾಯುದ್ಧ ಆರಂಭವಾದಾಗ ಬಫಲೋ ಫೋರ್ಜ್ ಕಂಪನಿ ಹವಾನಿಯಂತ್ರಣದ ವಿಭಾಗದಿಂದ ಕೈ ತೊಳೆದುಕೊಳ್ಳಲು ನಿರ್ಧರಿಸಿತು. ಕ್ಯಾರಿಯರ್ ಮತ್ತು ಅವರ ಆರು ಮಂದಿ ಗೆಳೆಯರು ಉಳಿತಾಯವನ್ನೆಲ್ಲ ಒಟ್ಟುಗೂಡಿಸಿದರು: 32,600 ಡಾಲರ್. 1915ರಲ್ಲಿ ಅವರದೇ ಕಂಪನಿ ಹುಟ್ಟಿತು. ಜವಳಿ, ಔಷಧ, ತಂಬಾಕು, ಮದ್ದುಗುಂಡು, ಹೀಗೆ ಅವರ ಗಿರಾಕಿಗಳೆಲ್ಲ ಕಾರ್ಖಾನೆಗಳೇ. ಮನುಷ್ಯರ ಸೆಕೆಯ ಬಗ್ಗೆ ಯಾರೂ ಆಗ ತಲೆ ಕೆಡಿಸಿಕೊಂಡಂತಿಲ್ಲ! ನೂಲು ತುಂಡಾಗದಂತೆ ಗಾಳಿ ಹದಮಾಡಿದಾಗ, ನೂಲುವವರಿಗೂ ಹಿತವಾಯಿತು ಅಷ್ಟೆ.

1922ರಲ್ಲಿ ಅವರು ಹೊರತಂದ ಕೇಂದ್ರಾಪಗಾಮಿ ಶೀತಕಯಂತ್ರ ಈ ಸ್ಥಿತಿಯನ್ನು ಬದಲಿಸಿತು. ಅಪಾಯಕಾರಿ ಅಮೋನಿಯಾದ ಬದಲು ಬೇರೆ ದ್ರವ, ಕಡಿಮೆ ಜಾಗ, ಕಡಿಮೆ ಖರ್ಚು. 1924ರಲ್ಲಿ ಡೆಟ್ರಾಯಿಟ್ಟಿನ ಹಡ್ಸನ್ ಮಳಿಗೆಗೆ, 1925ರ ಮೇ ಕೊನೆಯಲ್ಲಿ ನ್ಯೂಯಾರ್ಕಿನ ರಿವೋಲಿ ಚಿತ್ರಮಂದಿರಕ್ಕೆ ಈ ಯಂತ್ರ ಬಂತು.

ರಿವೋಲಿಯ ಮೊದಲ ದಿನದ ಪ್ರಸಂಗವನ್ನು ಮನೆಯಲ್ಲಿ ಎ.ಸಿ. ಇಟ್ಟುಕೊಂಡವರು ಕೇಳಲೇಬೇಕು. ಯಂತ್ರ ಚಾಲೂ ಆಗುವುದು ತಡವಾಗಿತ್ತು. ಬಾಗಿಲು ತೆರೆದೊಡನೆ ಜನ ನುಗ್ಗಿದರು. ಅಭ್ಯಾಸಬಲದಿಂದ ಬೀಸಣಿಗೆಗಳನ್ನೂ ತಂದಿದ್ದರು. ಪ್ಯಾರಾಮೌಂಟ್‌ನ ಒಡೆಯ ಅಡಾಲ್ಫ್ ಝುಕೋರ್ ಬಾಲ್ಕನಿಯಲ್ಲಿ ಕುಳಿತು ನೋಡುತ್ತಿದ್ದರು. ಎರಡು ಸಾವಿರಕ್ಕೆ ಹತ್ತಿರದ ಬೀಸಣಿಗೆಗಳು ಒಂದೇ ಸಮನೆ ಬೀಸುತ್ತಿದ್ದರೆ ಕ್ಯಾರಿಯರ್ ಮತ್ತು ಸಂಗಡಿಗರ ಎದೆಬಡಿತ ಏರಿತ್ತು. ಬಿಸಿಯಾದ ಕಟ್ಟಡ, ತುಂಬಿದ ಜನ. ಇವೆರಡರ ಶಾಖ ಹೀರಲು ಯಂತ್ರಕ್ಕೆ ಹೊತ್ತು ಬೇಕೇ ಬೇಕು. ಮೆಲ್ಲಮೆಲ್ಲನೆ ಬೀಸಣಿಗೆಗಳು ಮಡಿಲಿಗೆ ಇಳಿದವು. ಕೊನೆಗೆ ಹಟ ಹಿಡಿದಂತೆ ಬೀಸುತ್ತಿದ್ದ ಕೆಲವರೂ ನಿಲ್ಲಿಸಿದರು. ಝುಕೋರ್ ಕೆಳಗಿಳಿದು ಬಂದು ಜನರಿಗೆ ಇದು ಹಿಡಿಸುತ್ತದೆಂದು ಒಪ್ಪಿದರು.

ಬೇಸಿಗೆಯ ಸಂಜೆ ಮನೆಗೆ ಬಂದು 18ಕ್ಕೆ ಇಳಿಸಿದರೆ ಕೋಣೆ ಬೇಗ ತಂಪಾದೀತೆಂಬುದು ನಮ್ಮಲ್ಲನೇಕರ ನಂಬಿಕೆ. ಸಾಮಾನ್ಯ ಯಂತ್ರದಲ್ಲಿ ಅದು ಸುಳ್ಳು. ಗುರಿ ಬದಲಾಗುತ್ತದೆ ಹೊರತು ಓಟದ ವೇಗ ಬದಲಾಗುವುದಿಲ್ಲ. ಹಗಲೆಲ್ಲ ಕಾದ ತಾರಸಿ, ಪಶ್ಚಿಮದ ಗೋಡೆ, ಮಂಚ, ಹಾಸಿಗೆಗಳು ಶಾಖ ಬಿಡುತ್ತಲೇ ಇರುತ್ತವೆ. ಮಧ್ಯಾಹ್ನವೇ ಪರದೆ ಎಳೆದು, ಕಿಟಕಿಗೆ ಹೊರಗಿನಿಂದ ನೆರಳು ಕೊಟ್ಟು, ತಾರಸಿಗೆ ಬಿಳಿಯ ಬಣ್ಣ ಬಳಿದರೆ ಯಂತ್ರದ ಅರ್ಧ ಕಷ್ಟ ಆಗಲೇ ಕಳೆಯಿತು. ಮಲೆನಾಡಿನ ಹೆಂಚಿನ ಮನೆಯವರಿಗೆ ಒಂದು ಮಾತು: ಹೆಂಚಿನ ಸಂದಿಯಿಂದ ಗಾಳಿಯಾಡುವುದೇ ಆ ಮನೆಗಳ ಸೊಗಸು. ಅಲ್ಲಿ ಅಟ್ಟ ಮುಚ್ಚಿ, ಬಾಗಿಲ ಸಂದು ಬಿಗಿಮಾಡದೆ ಎ.ಸಿ. ಹಾಕಿಸಿದರೆ ಊರಿಗೆಲ್ಲ ತಂಪೆರೆದಂತಾಗುತ್ತದೆ.

ಅಮೆರಿಕದ ಪ್ರತಿನಿಧಿಸಭೆಗೆ 1928ರಲ್ಲಿ, ಸೆನೆಟ್ಟಿಗೆ 1929ರಲ್ಲಿ ಕ್ಯಾರಿಯರ್ ಅವರ ತಂಪು ತಲುಪಿತು. 1928ರಲ್ಲೇ ಮನೆಗಳಿಗೆಂದು ವೆದರ್‌ಮೇಕರ್ ಎಂಬ ಯಂತ್ರವನ್ನೂ ಅವರು ತಂದರು. ಮರುವರ್ಷವೇ ಮಹಾಕುಸಿತ. ಮನೆ ನಡೆಸುವುದೇ ಕಷ್ಟವಾದವರು ಮನೆ ತಣಿಸಲು ಹೋಗುವುದುಂಟೆ? 1930ರಲ್ಲಿ ಎರಡು ಕಂಪನಿಗಳೊಡನೆ ವಿಲೀನಗೊಂಡು ಕ್ಯಾರಿಯರ್ ಕಾರ್ಪೊರೇಷನ್ ಎಂಬ ಹೆಸರಿನಲ್ಲಿ ಸಂಸ್ಥೆ ಹೇಗೋ ಉಸಿರು ಹಿಡಿದುಕೊಂಡಿತು. 1937ರಲ್ಲಿ ಸಿರಕ್ಯೂಸ್ ನಗರಕ್ಕೆ ನೆಲೆ ಬದಲಿಸಿತು. 1939ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಹಿಮದ ಗುಡಿಸಲಿನ ಆಕಾರದ ಮಂಟಪ ಕಟ್ಟಿ, ನಾಳಿನ ಮನೆಗಳು ಹೀಗಿರುತ್ತವೆಂದು ಜನರಿಗೆ ತೋರಿಸಿತು.

ನಮ್ಮ ನಾಡಿನಲ್ಲಿಯೂ ಈ ವಿದ್ಯೆ ಮೊದಲು ಬೇಕಾದದ್ದು ಮನೆಗಲ್ಲ, ಗಣಿಗೆ. ಕೋಲಾರದ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ ಇಳಿದಿತ್ತು. ಅಲ್ಲಿ ಬಂಡೆಯೇ ಕೈ ಸುಡುವಷ್ಟು ಬಿಸಿ. ಮೇಲಿನಿಂದ ಗಾಳಿಯನ್ನು ತಣಿಸಿ, ಒಣಗಿಸಿ ಕೆಳಗೆ ತಳ್ಳುವ ಸ್ಥಾವರಗಳನ್ನು ಅಲ್ಲಿ ಕಟ್ಟಲಾಗಿತ್ತು. ಶಿವನಸಮುದ್ರದ ವಿದ್ಯುತ್ತು ಹೋದದ್ದೂ ಅದೇ ಗಣಿಪ್ರದೇಶಕ್ಕೆ. ಬೆವರು ಆರದ ಜಾಗದಲ್ಲಿ ಮನುಷ್ಯ ಬದುಕಲಾರ ಎಂಬ ಸತ್ಯ ಗಣಿಯಲ್ಲಿ ಕಾಣುವಷ್ಟು ನಿಚ್ಚಳವಾಗಿ ಬೇರೆಲ್ಲೂ ಕಾಣದು.

ಬಿರುಬೇಸಿಗೆಯಲ್ಲಿ ಮನೆಯ ಯಂತ್ರ ಸೋಲುವುದೇಕೆ ಎಂಬುದಕ್ಕೂ ಉತ್ತರ ಕ್ಯಾರಿಯರ್ ಅವರ ಲೆಕ್ಕದಲ್ಲೇ ಇದೆ. ಯಂತ್ರ ತಂಪನ್ನು ಸೃಷ್ಟಿಸುವುದಿಲ್ಲ. ಒಳಗಿನ ಶಾಖವನ್ನು ಹೊತ್ತು ಹೊರಗೆ ಚೆಲ್ಲುತ್ತದೆ. ಚೆಲ್ಲುವ ಕೆಲಸ ಹೊರಗಿನ ಪೆಟ್ಟಿಗೆಯದು. ಯಂತ್ರದ ಮೇಲೆ ಬರೆದಿರುವ ಸಾಮರ್ಥ್ಯ ಹೊರಗೆ 35 ಡಿಗ್ರಿ ಇದ್ದಾಗಿನದು. ರಾಯಚೂರು, ಕಲಬುರಗಿಗಳ ಮೇ ತಿಂಗಳಲ್ಲಿ ಹೊರಗೆ 42, 43 ಇರುವಾಗ ಅದೇ ಯಂತ್ರ ಕಡಿಮೆ ತಣಿಸಿ ಹೆಚ್ಚು ವಿದ್ಯುತ್ ತಿನ್ನುತ್ತದೆ. ಇಂಥ ಹೊತ್ತಿನಲ್ಲಿ ಹೊರಪೆಟ್ಟಿಗೆಯನ್ನು ಕಿರಿದಾದ ಶಾಫ್ಟಿನಲ್ಲಿಟ್ಟು, ಕಬ್ಬಿಣದ ಜಾಲರಿ ಬಿಗಿದು, ಮೇಲೆ ಹಳೆಯ ಗೋಣಿ ಹೊದಿಸಿದರೆ ಅದು ತಾನೇ ಬಿಟ್ಟ ಬಿಸಿಯುಸಿರನ್ನು ಮತ್ತೆ ಎಳೆದುಕೊಂಡು ಏದುತ್ತದೆ. ಮೇಲೆ ನೆರಳಿರಲಿ, ಸುತ್ತ ಗಾಳಿಯಿರಲಿ. ಅದರ ರೆಕ್ಕೆಗಳ ನಡುವೆ ಸೇರಿದ ಧೂಳನ್ನು ವಿದ್ಯುತ್ ಸಂಪರ್ಕ ಪೂರ್ತಿ ತಪ್ಪಿಸಿದ ಬಳಿಕ ಮೆದುವಾಗಿ ನೀರುಬಿಟ್ಟು ತೊಳೆಸಬೇಕು. ಜೋರಿನ ನೀರಿಗೆ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಒಳಗಿನ ಜಾಲರಿಯದು ಇನ್ನೂ ಸುಲಭದ ಕೆಲಸ, ಆದ್ದರಿಂದಲೇ ಯಾರೂ ಮಾಡುವುದಿಲ್ಲ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ತೆಗೆದು ತೊಳೆದು ಒಣಗಿಸಿ ಹಾಕಿದರೆ ಸಾಕು. ಜಾಲರಿ ಮುಚ್ಚಿಕೊಂಡರೆ ಸುರುಳಿಯ ಮೇಲೆ ಹಾಯುವ ಗಾಳಿ ಕಡಿಮೆಯಾಗಿ, ಇಳಿಯಬೇಕಾದ ನೀರು ಅಲ್ಲೇ ಹೆಪ್ಪುಗಟ್ಟುತ್ತದೆ. ಹೊರಗೆ ಬೆಂಕಿ ಬಿಸಿಲು, ಯಂತ್ರದೊಳಗೆ ಹಿಮ! ಆಗ ಚಾಕು ಹಿಡಿದು ಕೆರೆಯಬಾರದು. ತಂಪು ನಿಲ್ಲಿಸಿ ಬರಿಯ ಫ್ಯಾನ್ ಓಡಿಸಿದರೆ ಕರಗುತ್ತದೆ. ಜಾಲರಿ ಶುಚಿಯಿದ್ದೂ ಹಿಮ ಕಟ್ಟಿದರೆ ಅನಿಲ ಕಡಿಮೆಯಾಗಿರಬಹುದು. ಈ ಅನಿಲ ಸ್ಕೂಟರಿನ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಕಡಿಮೆಯಾಯಿತೆಂದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಸೋರಿಕೆ ಹುಡುಕದೆ ಪ್ರತಿ ಮಾರ್ಚಿನಲ್ಲಿ ಗ್ಯಾಸ್ ತುಂಬಿಸುವುದು ತೂತುಬಿಂದಿಗೆಗೆ ನೀರು ಹೊಯ್ದಂತೆ. ಈಗಿನ ಬಹುಪಾಲು ಮನೆಯಂತ್ರಗಳಲ್ಲಿರುವ ಆರ್-32 ಅನಿಲಕ್ಕೆ ಅಲ್ಪಮಟ್ಟಿಗೆ ಉರಿಯುವ ಗುಣವಿರುವುದರಿಂದ ತರಬೇತಿ ಪಡೆದವರೇ ಅದನ್ನು ಮುಟ್ಟಬೇಕು.

ಕರಾವಳಿಯವರು ಹೊರಕೊಳವೆಯಿಂದ ತೊಟ್ಟಿಕ್ಕುವ ನೀರನ್ನು ಗಮನಿಸುತ್ತಿರಬೇಕು. ಜೌಗು ಸೆಕೆಯ ದಿನ ನೀರು ಬೀಳುತ್ತಿಲ್ಲವೆಂದರೆ ಕೊಳವೆ ಕಟ್ಟಿದೆ, ಇಲ್ಲವೇ ಯಂತ್ರ ತನ್ನ ಮೂಲ ಕೆಲಸವನ್ನೇ ಮಾಡುತ್ತಿಲ್ಲ. ಇನ್ನು ಹಳ್ಳಿ, ಪಟ್ಟಣಗಳ ಸಂಜೆಯ ವೋಲ್ಟೇಜ್ ಕುಸಿತ. ಸ್ಟೆಬಿಲೈಸರ್ ಇಲ್ಲದ ಕಡೆ ಕಂಪ್ರೆಸರ್ ಬಿಸಿಯಾಗಿ ಸುಡುವುದುಂಟು. ಕರೆಂಟು ಹೋಗಿ ಬಂದೊಡನೆ ಗುಂಡಿ ಒತ್ತದೆ ಮೂರು ನಿಮಿಷ ಕಾಯುವುದು ಕ್ಷೇಮ.

ಆ ಕರೆಂಟಿನ ಕತೆ ಮತ್ತೆ ನಮ್ಮನ್ನು ಸಾಗರ ಸೀಮೆಗೇ ಕರೆತರುತ್ತದೆ. 1948ರ ಫೆಬ್ರವರಿಯಲ್ಲಿ ಜೋಗದ ವಿದ್ಯುದಾಗಾರ ಚಾಲನೆ ಪಡೆದಾಗ ಕ್ಯಾರಿಯರ್ ಇನ್ನೂ ಬದುಕಿದ್ದರು. 1964ರ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಸಾಗರ, ಹೊಸನಗರ ಸೀಮೆಯ ಊರುಗಳು, ಗದ್ದೆ, ತೋಟಗಳು ಮುಳುಗಿದವು. 1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರ ನಾಡಿಗೆ ಬೆಳಕು ಕೊಟ್ಟಿತು. ನೆಲ ಬಿಟ್ಟೆದ್ದವರ ಹಕ್ಕುಪತ್ರದ ಹೋರಾಟ ದಶಕಗಳ ಕಾಲ ನಡೆಯಿತು. ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರಿನ ಹವಾನಿಯಂತ್ರಕಗಳೆಲ್ಲ ಒಟ್ಟಿಗೆ ಗುಡುಗುವ ಹೊತ್ತಿಗೆ ಲಿಂಗನಮಕ್ಕಿಯ ನೀರು ತಳ ಕಾಣುತ್ತಿರುತ್ತದೆ. ಹಿಂದೆ ಫ್ಯಾನೂ ಬೇಡವೆನ್ನುತ್ತಿದ್ದ ಆ ನಗರ 2016ರ ಏಪ್ರಿಲಿನಲ್ಲಿ 39.2 ಡಿಗ್ರಿ ಕಂಡಿತು. 16ಕ್ಕೂ 26ಕ್ಕೂ ನಡುವಿನ ಹತ್ತು ಡಿಗ್ರಿ ಕೇವಲ ಬಿಲ್ಲಿನ ಪ್ರಶ್ನೆಯಲ್ಲ ಎಂಬುದು ಹಿನ್ನೀರಿನ ದಂಡೆಯಲ್ಲಿ ನಿಂತವರಿಗೆ ಬೇಗ ಅರ್ಥವಾಗುತ್ತದೆ.

ಕ್ಯಾರಿಯರ್ ಅವರ ಖಾಸಗಿ ಬದುಕು ಅಷ್ಟೇನೂ ತಂಪಾಗಿರಲಿಲ್ಲ. 1902ರಲ್ಲಿ ಮದುವೆಯಾದ ಮೊದಲ ಪತ್ನಿ 1912ರಲ್ಲಿ, ಮರುವರ್ಷ ಕೈಹಿಡಿದ ಎರಡನೆಯ ಪತ್ನಿ 1939ರಲ್ಲಿ ತೀರಿಕೊಂಡರು. 1941ರಲ್ಲಿ ಅವರು ಮೂರನೆಯ ಬಾರಿ ವಿವಾಹವಾದರು. ತಮ್ಮ ಯಂತ್ರಗಳು ಬಿಡುವ ಅನಿಲಗಳು ಆಕಾಶಕ್ಕೆ ಏನು ಮಾಡಿಯಾವು ಎಂಬ ಚಿಂತೆ ಅವರ ಕಾಲಕ್ಕೆ ಇರಲಿಲ್ಲ. ಓಝೋನ್ ಪದರವನ್ನು ತಿನ್ನುವ ಶೀತಕಗಳಿಗೆ ಕಡಿವಾಣ ಹಾಕಿದ ಮಾಂಟ್ರಿಯಲ್ ಒಪ್ಪಂದ 1987ರದು. ಭೂಮಿಯನ್ನು ಬಿಸಿ ಮಾಡುವ ಅನಿಲಗಳನ್ನು ತಗ್ಗಿಸುವ ಕಿಗಾಲಿ ತಿದ್ದುಪಡಿ 2016ರದು.

ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಮಧ್ಯಮ ವರ್ಗದ ಮನೆಗಳಿಗೆ ಹವಾನಿಯಂತ್ರಕ ಹೆಜ್ಜೆಯಿಡತೊಡಗಿತು. ಅದು ಮನೆಮನೆಯ ಮಾತಾಗುವುದನ್ನು ಪೂರ್ತಿಯಾಗಿ ನೋಡಲು ಕ್ಯಾರಿಯರ್ ಉಳಿಯಲಿಲ್ಲ. 1950ರ ಅಕ್ಟೋಬರ್ 7ರಂದು, 73ನೆಯ ವಯಸ್ಸಿನಲ್ಲಿ, ನ್ಯೂಯಾರ್ಕ್ ನಗರದಲ್ಲಿ ಅವರು ನಿಧನರಾದರು. ವಾರಕ್ಕೆ ಹತ್ತು ಡಾಲರಿನ ಕೆಲಸಕ್ಕೆ ಸೇರಿದ್ದ ಬಫಲೋ ನಗರದಲ್ಲಿಯೇ, ಚಳಿಗಾಲದಲ್ಲಿ ಆಳೆತ್ತರ ಹಿಮ ಬೀಳುವ ಫಾರೆಸ್ಟ್ ಲಾನ್ ಸ್ಮಶಾನದಲ್ಲಿ, ಅವರ ಸಮಾಧಿಯಿದೆ.